ಡಾಕ್ಟ್ರಮ್ಮ ಅಗಿದ ಮುದ್ದೆ

ಸಿಂಚನಾ, ಮನು,

ಮೊನ್ನೆ ಶನಿವಾರ ಸಿಂಚನ ಹಾಸನಕ್ಕೆ ಹೋಗಿ ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳಲ್ಲ, ಆಗ ಅವಳ ಬಟ್ಟೆಯಿಂದ ಲವಂಗದೆಣ್ಣೆಯ ವಾಸನೆ ಬಂತು. ಅದು ನನಗೆ ಹಳೆಯ ಪರಿಚಯದ ವಾಸನೆ. ಇಪ್ಪತ್ತೈದು ವರ್ಷದಿಂದ ಒಂದೇ ಆಸ್ಪತ್ರೆಯದು. ಅದರ ಗೋಡೆ ಬದಲಾಗಿದೆ, ಕುರ್ಚಿ ಬದಲಾಗಿದೆ, ವಾಸನೆ ಮಾತ್ರ ಹಾಗೇ ಇದೆ.

ಮನು ಏನೋ ತಮಾಷೆ ಮಾಡಿದ. ಸಿಂಚನ ನಕ್ಕಳು, ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಸಂಜೆ ತಟ್ಟೆಗೆ ಊಟ ಹಾಕಿಸಿಕೊಂಡು ಒಬ್ಬಳೇ ರೂಮಿಗೆ ಹೋದಳು. ನಿಮ್ಮಮ್ಮ, "ಬುಡಿ ಅತ್ತೆ, ಎರಡು ದಿವ್ಸ. ಆಮೇಲೆ ಸರಿ ಓಯ್ತಾಳೆ" ಅಂದಳು. ನಾನು ಹೂಂ ಅಂದೆ. ಎರಡು ದಿನದಲ್ಲಿ ಸರಿಹೋಗದ ಸಂಗತಿಯೂ ಇರುತ್ತದೆಂದು ನನಗೆ ಗೊತ್ತಿತ್ತು. ತಟ್ಟೆ ಹಿಡಿದು ಬೇರೆ ಕಡೆ ಹೋಗಿ ಉಣ್ಣುವ ವಿದ್ಯೆಯಲ್ಲಿ ಈ ಮನೆಯಲ್ಲಿ ನನಗಿಂತ ಪಳಗಿದವರಿಲ್ಲ.

ಮಾರನೆಯ ದಿನ ಅವಳೇ ಬಂದು ಕೇಳಿದಳು. "ಅಜ್ಜಿ, ದೊಡ್ಡ ಡಾಕ್ಟ್ರಮ್ಮ ನಿನ್ನ ವಿಚಾರ್ಸಿದ್ರು. 'ನಿಮ್ಮಜ್ಜಿ ನಂಗೆ ಒಂದು ಪಾಠ ಹೇಳ್ಕೊಟ್ಟಿದಾರೆ' ಅಂದ್ರು. ಏನ್ ಪಾಠ ಅಂದ್ರೆ, 'ಅವ್ರನ್ನೇ ಕೇಳು, ನಾನು ಹೇಳೋ ಹಾಗಿಲ್ಲ' ಅಂತ ನಕ್ಕುಬಿಟ್ರು. ಏನಜ್ಜಿ ಅದು?"

ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ ಮಕ್ಕಳೇ, ನಿಮಗೇ ಗೊತ್ತು. ಮನೆಗೆ ಬಂದವರಿಗೆ ಕಾಫಿ ಕೊಟ್ಟು ಬಾಗಿಲ ಹಿಂದೆ ನಿಲ್ಲುವ ಹೆಂಗಸು ನಾನು. ಹಿರೀಸಾವೆಯ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗಲೂ ಅದೇ ದಾರಿ. ಮನುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿವೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ನಕ್ಕರೆ ಬಾಯಿ ಮುಚ್ಚಿಕೊಳ್ಳದೆ ನಗಿ.

ಡಾಕ್ಟ್ರಮ್ಮನಿಗೆ ಒಂದು ಹೆಸರಿದೆ, ಬೋರ್ಡಿನ ಮೇಲೂ ಇದೆ. ಆದರೆ ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಅದನ್ನು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಹಲ್ಲಿನ ಡಾಕ್ಟ್ರಮ್ಮ ಅನ್ನಬೇಕು. ಅವರು ಮೈಸೂರಿನ ಕಡೆಯವರು, ಅನ್ನ ಉಣ್ಣುವ ಮನೆಯ ಮಗಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮದುವೆಯಾಗಿ ಹಾಸನಕ್ಕೆ ಬಂದವರು ಅಲ್ಲೊಂದು ಆಸ್ಪತ್ರೆ ಇಟ್ಟರು. ಹಾಸನದವರೆಗೆ ಬರಲಾರದ ಜನ ಹಲ್ಲುನೋವನ್ನು ಸಹಿಸಿಕೊಂಡೇ ಇರುತ್ತಾರೆಂದು ತಿಳಿದು, ಬುಧವಾರ ಚನ್ನರಾಯಪಟ್ಟಣ, ಗುರುವಾರ ಹೊಳೆನರಸೀಪುರ, ಶುಕ್ರವಾರ ಅರಕಲಗೂಡು ಎಂದು ದಿನ ಗೊತ್ತುಮಾಡಿಕೊಂಡು ಬಸ್ಸಿನಲ್ಲಿ ಓಡಾಡತೊಡಗಿದರು. ಹೆಗಲಿಗೊಂದು ಚೀಲ, ಕೈಯಲ್ಲಿ ಒಂದು ದೊಡ್ಡ ಕುಕ್ಕರು.

ಹೌದು, ಕುಕ್ಕರೇ. ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರಿಗೊಂದು ಬಾಡಿಗೆ ರೂಮು. ಗುರುವಾರ ಬೆಳಿಗ್ಗೆ ಅಲ್ಲಿಂದ ಒಂದರ ಹಿಂದೊಂದು ವಿಶಲ್ ಕೇಳಿಸುತ್ತಿತ್ತು. ಕೆಳಗೆ ಸೊಪ್ಪು ಮಾರುವವರು, "ಡಾಕ್ಟ್ರಮ್ಮ ಅಡ್ಗೆ ಮಾಡ್ತಾವ್ಳೆ ಕಣ್ರೋ, ಅಲ್ಲು ಕೀಳ್ಸ್ಕಂಡೋರ್ಗೆ ಊಟನೂ ಐತೆ" ಎಂದು ತಮಾಷೆ ಮಾಡುತ್ತಿದ್ದರು. ಕುಕ್ಕರಿನಲ್ಲಿ ಬೇಯುತ್ತಿದ್ದದ್ದು ಇಕ್ಕಳ, ಚಿಮಟ, ಕನ್ನಡಿ. ಒಬ್ಬರ ಬಾಯಿಗೆ ಹಾಕಿದ್ದನ್ನು ಬೇಯಿಸದೆ ಇನ್ನೊಬ್ಬರ ಬಾಯಿಗೆ ಹಾಕುವುದಿಲ್ಲ ಎಂಬುದು ಅವರ ಹಟ. ಈಗ ಅದಕ್ಕೊಂದು ದೊಡ್ಡ ಮಿಷನ್ ಇದೆ. ಪ್ರತಿಯೊಬ್ಬರ ಸಾಮಾನೂ ಬೇರೆ ಬೇರೆ ಪೊಟ್ಟಣದಲ್ಲಿರುತ್ತದೆ, ನಮ್ಮ ಕಣ್ಣೆದುರೇ ಹರಿದು ತೆಗೆಯುತ್ತಾರೆ.

ಅವರ ಹತ್ತಿರ ನಮ್ಮ ಮನೆಯಿಂದ ಮೊದಲು ಹೋದವರು ನಿಮ್ಮ ತಾತ. ಹಾಲಿನ ಡೈರಿಯ ಸೆಕ್ರೆಟರಿಯಾಗಿದ್ದರು. ಊರಿಗೆಲ್ಲ ಜೋರು ಮಾಡುತ್ತಿದ್ದ ಮನುಷ್ಯ ದವಡೆ ಊದಿಸಿಕೊಂಡು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಡಾಕ್ಟ್ರಮ್ಮ ಅವರ ಕೈಗೊಂದು ಕನ್ನಡಿ ಕೊಟ್ಟು, ಹಾಳಾದ ಹಲ್ಲನ್ನು ಅವರಿಗೇ ತೋರಿಸಿದರು. ಏನು ಮಾಡುತ್ತೇನೆ, ಎಷ್ಟು ನೋಯುತ್ತದೆ ಎಂದು ಮೊದಲೇ ಹೇಳಿದರು. "ಯಜಮಾನ್ರೇ, ನೋವಾದ್ರೆ ಎಡಗೈ ಎತ್ತಿ. ನಾನು ನಿಲ್ಲಿಸ್ತೀನಿ" ಅಂದರು. ತಾತ ಸೂಜಿ ಕಂಡಾಗ ಎತ್ತಿದರು, ಸೂಜಿ ಹೋದ ಮೇಲೆ ಎತ್ತಿದರು, ಹೊರಗೆ ಲಾರಿ ಹಾರನ್ ಹೊಡೆದಾಗಲೂ ಎತ್ತಿದರು. ಪ್ರತಿ ಸಲವೂ ಡಾಕ್ಟ್ರಮ್ಮ ನಿಲ್ಲಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅವರು ಹೇಳಿದ್ದು ನನಗೆ ನೆನಪಿದೆ. "ಕೈ ಎತ್ತುದ್ರೆ ನಿಂತ್ಬುಡ್ತಾಳೆ ಕಣೇ ಆವಮ್ಮ. ಡೈರಿ ಮೀಟಿಂಗ್ನಾಗೂ ನನ್ ಕೈಗೆ ಇಷ್ಟು ಬೆಲೆ ಇಲ್ಲ."

ಸಂಜೆ ಡಾಕ್ಟ್ರಮ್ಮನೇ ಮನೆಗೆ ಫೋನ್ ಮಾಡಿ ರಕ್ತ ನಿಂತಿತೇ ಎಂದು ಕೇಳಿದರು. ಡಾಕ್ಟರೊಬ್ಬರು ತಾವಾಗಿ ಫೋನ್ ಮಾಡುವುದನ್ನು ನಮ್ಮ ಊರು ಅಲ್ಲಿಯತನಕ ಕಂಡಿರಲಿಲ್ಲ. ತಾತ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದರು.

ಈಗ ನನ್ನ ವಿಷಯ. ಹೆರಿಗೆಗೊಂದು ಹಲ್ಲು ಅನ್ನುತ್ತಾರಲ್ಲ, ನನಗೆ ಹೆರಿಗೆಗೆ ಎರಡರಂತೆ ಹೋದವು. ನಲವತ್ತೈದು ದಾಟುವಷ್ಟರಲ್ಲಿ ಮೇಲ್ದವಡೆಯಲ್ಲಿ ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಉಳಿದದ್ದು ಒಸಡು. ಇದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಅಂತೀರಾ? ಮುದ್ದೆಯಿಂದ. ಮುದ್ದೆಯನ್ನು ನಾವು ಅಗಿಯುವುದಿಲ್ಲವಲ್ಲ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುವುದು. ಚಕ್ಕುಲಿ, ಹುರಿಗಡಲೆ, ಕಬ್ಬು ಕೊಟ್ಟರೆ "ನಂಗೆ ಸೇರಾಕಿಲ್ಲ" ಅನ್ನುತ್ತಿದ್ದೆ. ಎಲ್ಲರೂ ನಂಬಿದರು. ಮುದ್ದೆ ನನ್ನ ಗುಟ್ಟನ್ನು ಹತ್ತು ವರ್ಷ ಕಾಪಾಡಿತು.

ನಿಮ್ಮ ತಾತ ತೀರಿಕೊಂಡ ವರ್ಷ ಆ ನಾಲ್ಕೂ ಅಲ್ಲಾಡತೊಡಗಿದವು. ನಿಮ್ಮಪ್ಪ ಡಿಪೋ ಕೆಲಸಕ್ಕೆ ರಜೆ ಹಾಕಿ ನನ್ನನ್ನು ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋದ. ಅವರು ಸಡಿಲವಾದದ್ದನ್ನು ಕಿತ್ತು, ಗಾಯ ಮಾಗಿದ ಮೇಲೆ ಅಳತೆ ತೆಗೆದು, ಮೇಲಿನ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಟ್ಟರು. ಬಿಸ್ಕತ್ತು ಕೊಟ್ಟು ಕಚ್ಚಿಸಿದರು. ಒಂದರಿಂದ ಇಪ್ಪತ್ತು ಎಣಿಸಿ ಅಂದರು, ಎಣಿಸಿದೆ. ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ತಂಗಿಯನ್ನು ನೋಡಿದ ಹಾಗಾಯಿತು.

ಆಮೇಲೆ ಅರಕಲಗೂಡಿನಲ್ಲೊಂದು ಬೀಗರ ಊಟ. ಹೊಸ ಹಲ್ಲು ಹಾಕಿಕೊಂಡು ಪಂಕ್ತಿಯಲ್ಲಿ ಕೂತೆ. ಮುದ್ದೆ ಮುರಿದು ಬಾಯಿಗಿಟ್ಟು ನುಂಗಲು ಹೋದೆ. ಮುದ್ದೆ ಅಂಗುಳಿನ ಹತ್ತಿರ ಸೆಟ್ಟನ್ನು ಗಟ್ಟಿಯಾಗಿ ಹಿಡಿದು, ಅದನ್ನು ಕಿತ್ತುಕೊಂಡೇ ಕೆಳಗೆ ಇಳಿಯಿತು. ಬಾಯಿತುಂಬ ಹಲ್ಲು, ಮುದ್ದೆ, ಸಾರು ಎಲ್ಲ ಒಂದಾಯಿತು. ಎಡಗಡೆ ಬೀಗಿತ್ತಿ, ಬಲಗಡೆ ನಿಮ್ಮಮ್ಮ. ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಕೈತೊಳೆಯುವ ನಲ್ಲಿಯ ಹತ್ತಿರ ಹೋದೆ. ಯಾರೂ ನೋಡಲಿಲ್ಲ.

ಅಂದಿನಿಂದ ನಾನು ಎಲ್ಲರ ಊಟ ಮುಗಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ಸೆಟ್ಟನ್ನು ತೆಗೆದು ಸ್ಟೀಲ್ ಡಬ್ಬಿಯಲ್ಲಿಟ್ಟು ಒಬ್ಬಳೇ ಉಣ್ಣತೊಡಗಿದೆ. ಸೆಟ್ಟಿಲ್ಲದ ಬೊಕ್ಕುಬಾಯಿಯಲ್ಲಿ ಮುದ್ದೆ ಸುಖವಾಗಿ ಇಳಿಯುತ್ತಿತ್ತು. ಡಾಕ್ಟ್ರಮ್ಮ ಫೋನ್ ಮಾಡಿ, "ಅಮ್ಮ, ಸೆಟ್ಟು ಹೇಗಿದೆ?" ಅಂದರೆ, "ಚೆನ್ನಾಗೈತೆ ಕಣವ್ವ" ಅನ್ನುತ್ತಿದ್ದೆ. ಅಷ್ಟು ಕಷ್ಟಪಟ್ಟು ಮಾಡಿದವರಿಗೆ ಚೆನ್ನಾಗಿಲ್ಲ ಅಂತ ಹೇಗೆ ಹೇಳುವುದು? ನಮ್ಮ ಕಡೆಯ ಹೆಂಗಸರಿಗೆ ಇದೊಂದು ರೋಗ. ಯಾರು ಏನು ಕೇಳಿದರೂ ಚೆನ್ನಾಗೈತೆ.

ಆದರೆ ಮನೆಯಲ್ಲಿ ಇನ್ನೊಂದು ಸಂಗತಿ ಬೆಳೆಯುತ್ತಿತ್ತು. ನಿಮ್ಮಮ್ಮ ಶೋಭಾ ಈ ಮನೆಗೆ ಬಂದು ಆಗ ಐದಾರು ವರ್ಷ. ನಿಮ್ಮ ತಾತ ಇದ್ದಾಗಿನಿಂದ ಅಡುಗೆ ಅವಳದೇ. ಅತ್ತೆ ಜೊತೆಯಲ್ಲಿ ಕೂತು ಉಣ್ಣುವುದಿಲ್ಲ ಎಂದರೆ ಅವಳು ಏನೆಂದು ತಿಳಿಯಬೇಕು? ನಲ್ಲಿಯ ಹತ್ತಿರ ಪಕ್ಕದ ಮನೆಯ ಪುಟ್ಟತಾಯಮ್ಮ ಅವಳನ್ನು ಚುಚ್ಚುವುದು ನನ್ನ ಕಿವಿಗೇ ಬಿತ್ತು. "ಏನವ್ವ ಶೋಭಾ, ನಿಮ್ಮತ್ತೆ ನಿನ್ ಕೈ ಊಟ ಒಲ್ಲೆ ಅಂತಾಳಂತೆ? ಉಪ್ಪು ಜಾಸ್ತಿ ಆಕ್ತೀಯೋ, ಮಾತು ಜಾಸ್ತಿ ಆಡ್ತೀಯೋ?" ಶೋಭಾ ಬಿಂದಿಗೆ ಎತ್ತಿಕೊಂಡು ಬಂದಳು. ಒಳಗೆ ಬಂದು ನಿಮ್ಮಪ್ಪನ ಹತ್ತಿರ, "ನಾನೇನ್ ವಿಷ ಇಕ್ತೀನಾ?" ಅಂದದ್ದೂ ಕೇಳಿಸಿತು. ಇನ್ನೊಂದು ದಿನ ನಾಲ್ಕು ವರ್ಷದ ಮನು ನನ್ನ ಸೆರಗು ಹಿಡಿದು ಎಳೆದ. "ಅಜ್ಜಿಗೆ ನಮ್ಮನ್ ಕಂಡ್ರೆ ಆಗಲ್ಲ" ಎಂದು ಅಳುತ್ತಾ ಹೋದ. ಸಿಂಚನ ಇನ್ನೂ ತೊಟ್ಟಿಲಲ್ಲಿದ್ದಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಒಂದೂವರೆ ವರ್ಷ ಸುಳ್ಳು ಹೇಳಿದ ಮೇಲೆ, ಆ ಒಂದು ಮಾತು ಹೇಳುವುದಕ್ಕೆ ಬಾಯಿ ಬರುವುದಿಲ್ಲ.

ತೋರಿಸಿಕೊಂಡು ಹೋಗಿ ಎಂದು ಡಾಕ್ಟ್ರಮ್ಮ ಹೇಳಿಕಳಿಸಿದ್ದನ್ನೆಲ್ಲ ನಾನು ತಪ್ಪಿಸಿಕೊಂಡಿದ್ದೆ. ಕೊನೆಗೊಂದು ಗುರುವಾರ ಶೋಭಾಳೇ ಕರೆದುಕೊಂಡು ಹೋದಳು. ಡಾಕ್ಟ್ರಮ್ಮ ಸೆಟ್ಟನ್ನು ತೆಗೆದು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ಅಮ್ಮ, ಊಟಕ್ಕೆ ಹೇಗಿದೆ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಶೋಭಾ, "ಚೆನ್ನಾಗೈತಂತೆ ಮೇಡಂ. ನಮ್ಮತ್ತೆ ನಮ್ಮತ್ರ ಏನೂ ಯೋಳಾಕಿಲ್ಲ" ಅಂದಳು.

"ನಾನು ಅಮ್ಮನ್ನ ಕೇಳಿದ್ದು. ನೀವು ಸ್ವಲ್ಪ ಹೊರಗೆ ಕೂತಿರಿ. ಎಲ್ಲರಿಗೂ ಹೀಗೇ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದರು ಡಾಕ್ಟ್ರಮ್ಮ.

ಬಾಗಿಲು ಮುಚ್ಚಿತು. ಕುರ್ಚಿಯನ್ನು ನೇರಮಾಡಿ ನನ್ನನ್ನು ಕೂರಿಸಿ, ತಾವು ನನಗಿಂತ ತಗ್ಗಿನ ಸ್ಟೂಲಿನ ಮೇಲೆ ಕೂತರು. "ನೀವು ಇದರಲ್ಲಿ ಊಟ ಮಾಡ್ತಿಲ್ಲ ಅಮ್ಮ."

"ಮಾಡ್ತೀನಲ್ಲವ್ವ."

"ಸಾರಿನ ಅರಿಶಿನ ಕೂಡ ಹತ್ತಿಲ್ಲ ಇದಕ್ಕೆ. ನನಗೆ ಬೇಜಾರಾಗುತ್ತೆ ಅಂತ ಚೆನ್ನಾಗಿದೆ ಅಂತಿದೀರಿ. ನಾನು ಕೆಲಸ ಕೆಡಿಸಿದ್ರೆ ನನಗೆ ಹೇಳೋರು ಯಾರು ಮತ್ತೆ? ನೀವು ತಾನೆ?"

ನನ್ನ ಜೀವಮಾನದಲ್ಲಿ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು, ನಾನು ಹೇಳುವವರೆಗೆ ಸುಮ್ಮನೆ ಕಾದವರು ಅವರೊಬ್ಬರೇ. ಹೊರಗೆ ಜನ ಕೆಮ್ಮುತ್ತಿದ್ದರು. "ಮುದ್ದೆ ಎತ್ಕಂಡ್ ಬತ್ತದೆ ಕಣವ್ವ. ಸೆಟ್ಟೇ ಎತ್ಕಂಡ್ ಬತ್ತದೆ" ಅಂದೆ. ಆಮೇಲೆ ಬೀಗರ ಊಟ, ಅಡುಗೆಮನೆಯ ಮೂಲೆ, ಶೋಭಾ, ಮನು, ಎಲ್ಲ ಬಂತು. ಅಳುವೂ ಬಂತು.

ಅವರು ಹಣೆ ಹಿಡಿದುಕೊಂಡರು. "ಬಿಸ್ಕತ್ತು ಕೊಟ್ಟು ನೋಡಿದೆ ನಾನು. ಮುದ್ದೆಯ ವಿಷಯ ಕೇಳಲೇ ಇಲ್ಲ. ತಪ್ಪು ನನ್ನದು ಅಮ್ಮ." ಓದಿದವರೊಬ್ಬರು ನನ್ನೆದುರು ತಪ್ಪು ನನ್ನದು ಅಂದದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು. ಕಣ್ಣೊರೆಸಿಕೊಳ್ಳಲು ಹತ್ತಿ ಕೊಟ್ಟರು. "ಮನೆಯವರಿಗೆ ನಾನು ಹೇಳಲ್ಲ. ಹೇಳೋದಿದ್ರೆ ನೀವೇ ಹೇಳಬೇಕು. ಆದ್ರೆ ಬರೋ ಗುರುವಾರ ಊಟದ ಹೊತ್ತಿಗೆ ಬನ್ನಿ. ಮುದ್ದೆ ತನ್ನಿ, ಇಬ್ಬರಿಗೂ ಆಗೋಷ್ಟು."

ಆ ಗುರುವಾರ ಬೆಳಿಗ್ಗೆ ನಾನು ಹಿಟ್ಟು ತೊಳಸಲು ಕೂತೆ. ಶೋಭಾ ಬಾಗಿಲಲ್ಲಿ ನಿಂತು ನೋಡಿದಳು. "ಡಾಕ್ಟ್ರಿಗೆ ಮುದ್ದೆ ಮಾಡ್ಕಂಡ್ ಓಗ್ತೀರಾ. ನಂಗೊಂದ್ ಮಾತ್ ಯೋಳಿದ್ರೆ ಮಾಡ್ಕೊಡ್ತಿರ್ಲಿಲ್ವಾ ಅತ್ತೆ?" ಅಂದಳು. ನಾನು ಮುದ್ದೆ ಕಟ್ಟತೊಡಗಿದೆ. ಅವಳು ಒಳಗೆ ಹೋಗಿ, ಆ ದಿನ ಮಾಡಿದ್ದ ಬಸ್ಸಾರನ್ನು ಡಬ್ಬಿಗೆ ತುಂಬಿ, ಸೋರದ ಹಾಗೆ ಬಟ್ಟೆ ಸುತ್ತಿ ನನ್ನ ಬ್ಯಾಗಿನ ಪಕ್ಕದಲ್ಲಿಟ್ಟಳು.

ಆಸ್ಪತ್ರೆಯ ಹಿಂದಿನ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿ, ಎರಡು ತಟ್ಟೆ ಇಟ್ಟುಕೊಂಡು ಡಾಕ್ಟ್ರಮ್ಮ ಕಾಯುತ್ತಿದ್ದರು. ನಾನು ಬಡಿಸಿದೆ. ಅವರು ಮುದ್ದೆಯನ್ನು ಉಪ್ಪಿಟ್ಟಿನ ಹಾಗೆ ಪುಡಿಪುಡಿ ಮಾಡಿ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ಅಗಿಯತೊಡಗಿದರು. ಅಗಿದರು, ಅಗಿದರು, ಅದು ಮುಗಿಯುವಂತೆಯೇ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಗೀಬಾರ್ದು ಕಣವ್ವ. ನುಂಗ್ಬೇಕು."

"ಅಗೀದೆ ಹೇಗೆ ನುಂಗೋದು?"

"ಅಲ್ಲು ಇಲ್ದೋರು ನುಂಗ್ತೀವಿ, ಅಲ್ಲು ಇರೋರ್ಗೆ ಏನ್ ಕಷ್ಟ?"

ಅವರು ಒಂದು ತುತ್ತನ್ನು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟು ಕಣ್ಣು ಮುಚ್ಚಿ ನುಂಗಿದರು. ಅರ್ಧ ದಾರಿಯಲ್ಲಿ ಅದು ನಿಂತಿತು. ಕಣ್ಣಲ್ಲಿ ನೀರು ಬಂತು, ಎದೆ ಬಡಿದುಕೊಂಡರು, ನೀರು ಕುಡಿದರು. ನಾನು ನಕ್ಕೆ ಮಕ್ಕಳೇ. ಸೆರಗನ್ನು ಮರೆತು, ಬಾಯಿಬಿಟ್ಟು ನಕ್ಕೆ. ಬಾಯಲ್ಲಿ ನನ್ನ ತುತ್ತೂ ಇತ್ತು. ಸೆಟ್ಟು ಮುದ್ದೆಯ ಸಮೇತ ಜಾರಿ ತಟ್ಟೆಯ ಸಾರಿನಲ್ಲಿ ಬಿತ್ತು.

ಅರಕಲಗೂಡಿನಲ್ಲಿ ಹೆದರಿದ್ದು ಕೊನೆಗೂ ಆಗಿಹೋಯಿತು. ಆದರೆ ಡಾಕ್ಟ್ರಮ್ಮ, "ಸಿಕ್ಕಿತು ನೋಡಿ. ಮುಟ್ಟಬೇಡಿ, ಹಾಗೇ ಇರಲಿ" ಎಂದು ಕೈತೊಳೆದು ಗ್ಲೌಸ್ ಹಾಕಿಕೊಂಡು ಓಡಿಬಂದರು. ಮುದ್ದೆ ಎಲ್ಲಿ ಹಿಡಿದಿದೆ ಎಂದು ನೋಡಿ ಅಲ್ಲಿಗೊಂದು ಪೆನ್ಸಿಲ್ ಗುರುತು ಹಾಕಿದರು. ಸೆಟ್ಟಿನ ಹಿಂದಿನ ಅಂಚು ಅಂಗುಳಿಗೆ ಸರಿಯಾಗಿ ಕೂತಿರಲಿಲ್ಲ. ನುಂಗುವಾಗ ಅಲ್ಲಿ ಸಂದಾಗುತ್ತಿತ್ತು. ಅಗಿಯುವವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ನುಂಗುವವರಿಗೆ ಮಾತ್ರ. ಮತ್ತೆ ಅಳತೆ ತೆಗೆದು ಹೊಸದು ಮಾಡಿದರು. ಮೂರು ಗುರುವಾರ ನಾನು ಮುದ್ದೆ ಹೊತ್ತುಕೊಂಡು ಹೋದೆ. ಮೂರನೆಯ ಗುರುವಾರ ಒಂದು ಇಡೀ ಮುದ್ದೆ ಇಳಿಯಿತು, ಸೆಟ್ಟು ಅಲ್ಲಾಡಲಿಲ್ಲ. ಅಷ್ಟರಲ್ಲಿ ಡಾಕ್ಟ್ರಮ್ಮನೂ ನುಂಗಲು ಕಲಿತಿದ್ದರು. ಯಾರ ಪರೀಕ್ಷೆ ಪಾಸಾಯಿತೋ ದೇವರಿಗೇ ಗೊತ್ತು.

ಸಿಂಚನಾ, ನೀನು ಕೇಳಿದ ಪಾಠ ಇಷ್ಟೇ. ಅಂದಿನಿಂದ ಅವರ ನಾಲ್ಕೂ ಊರಿನ ಆಸ್ಪತ್ರೆಯಲ್ಲಿ ಸೆಟ್ಟು ಹಾಕಿಸಿಕೊಳ್ಳುವವರು ಮನೆಯಿಂದ ಮುದ್ದೆ ತಂದು ಅಲ್ಲೇ ಉಂಡು ತೋರಿಸಬೇಕು. ಚನ್ನರಾಯಪಟ್ಟಣದ ಒಬ್ಬ ಯಜಮಾನರು, "ಅಲ್ಲು ಡಾಕ್ಟ್ರತ್ರ ಬಂದಿದ್ದೀನೋ ಬೀಗರ ಮನೆಗೋ" ಅಂದರಂತೆ. ಅರಕಲಗೂಡಿನ ಒಬ್ಬಾಕೆ ಅಕ್ಕಿರೊಟ್ಟಿ ತಂದರೆ, "ಅದನ್ನೂ ನೋಡೇಬಿಡೋಣ" ಅಂದರಂತೆ. ಈಗ ಹಾಸನದಲ್ಲಿ ಬಾಯಿಯೊಳಗನ್ನು ಟಿವಿಯಲ್ಲಿ ತೋರಿಸುವ ಕ್ಯಾಮೆರಾ ಇದೆ, ಕೈಕೆಳಗೆ ಕಲಿಯುವ ಡಾಕ್ಟರುಗಳಿದ್ದಾರೆ. ಆದರೂ ಹೊಸಬರಿಗೆ ಅವರು ಮೊದಲು ಹೇಳುವುದು, ಬಾಯಿ ನೋಡುವ ಮೊದಲು ಮನೆಯಲ್ಲಿ ಏನು ಉಣ್ಣುತ್ತಾರೆ ಎಂದು ಕೇಳಿ ಅಂತ. ಯಾರು ಕಲಿಸಿದರು ಎಂದು ಮಾತ್ರ ಅವರು ಹೇಳುವುದಿಲ್ಲ. ಹದಿಮೂರು ವರ್ಷವಾಯಿತು. ನನ್ನ ಮೊಮ್ಮಗಳು ಕೇಳಿದರೂ ಹೇಳಲಿಲ್ಲ. ಅವರ ಕೈಚಳಕಕ್ಕಿಂತ ಇದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಮೂರನೆಯ ಗುರುವಾರದ ಸಂಜೆ ನಾನು ತಟ್ಟೆ ತಂದು ನಿಮ್ಮಪ್ಪನ ಪಕ್ಕದಲ್ಲಿಟ್ಟುಕೊಂಡು ಕೂತೆ. ಮನು ಕಣ್ಣರಳಿಸಿ, ಪಕ್ಕಕ್ಕೆ ಸರಿದು, ಇನ್ನೂ ಹತ್ತಿರ ಬಂದು ಕೂತ. ಶೋಭಾ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಒಳಗೆ ಹೋದಳು. ಬಹಳ ಹೊತ್ತು ಒಳಗೇ ಇದ್ದಳು. ಬಂದಾಗ ಕಣ್ಣು ಕೆಂಪಗಿತ್ತು. "ಒಲೆ ಹೊಗೆ" ಅಂದಳು. ನಮ್ಮದು ಗ್ಯಾಸ್ ಒಲೆ.

ಆವತ್ತೂ ನಾನು ಹೇಳಲಿಲ್ಲ. ಕೂತು ಉಂಡೆನಲ್ಲ, ಅಷ್ಟೇ ಸಾಕು ಅಂದುಕೊಂಡೆ. ಆದರೆ ನಾನು ಆ ಒಂದೂವರೆ ವರ್ಷ ಯಾಕೆ ಜೊತೆಯಲ್ಲಿ ಕೂತು ಉಣ್ಣಲಿಲ್ಲ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಈಗಲೂ ಸಾರು ಬಿಟ್ಟ ಮೇಲೆ ಅವಳು ಒಂದು ಗಳಿಗೆ ನಿಂತು ನನ್ನ ಮುಖ ನೋಡುತ್ತಾಳೆ. ನೀವು ಗಮನಿಸಿದ್ದೀರೋ ಇಲ್ಲವೋ, ನಾನು ದಿನವೂ ನೋಡುತ್ತೇನೆ. ಡಾಕ್ಟ್ರಮ್ಮ ತಮ್ಮ ತಪ್ಪನ್ನು ಒಂದು ಗಳಿಗೆಯಲ್ಲಿ ಒಪ್ಪಿಕೊಂಡರು. ನನಗೆ ಹದಿಮೂರು ವರ್ಷ ಸಾಲಲಿಲ್ಲ.

ನಿನ್ನೆ ಇಷ್ಟನ್ನು ಬರೆದು ಮುಗಿಸಿ, ನನ್ನ ತಟ್ಟೆ ಎತ್ತಿಕೊಂಡು ಸಿಂಚನಳ ರೂಮಿಗೆ ಹೋಗಿ ಅವಳೆದುರು ನೆಲದ ಮೇಲೆ ಕೂತೆ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ನನ್ನ ಸೆಟ್ಟನ್ನು ತೆಗೆದು ತೋರಿಸಿ ಮತ್ತೆ ಹಾಕಿಕೊಂಡೆ. "ಥೂ ಅಜ್ಜಿ" ಅಂದಳು. ಕೈ ಮಾತ್ರ ಕೆಳಗಿಳಿಯಿತು. ತಂತಿ ಚೆನ್ನಾಗಿ ಕಾಣುತ್ತದೆ ಮಗಳೇ, ಮಳೆ ನಿಂತ ಮೇಲೆ ಬೇಲಿಯ ತಂತಿ ಹೊಳೆದ ಹಾಗೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ರೇಷನ್ ಕಾರ್ಡು ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿ, ನಿಮ್ಮ ತಾತನ ಕನ್ನಡಕದ ಪಕ್ಕದಲ್ಲಿ ಜಾಗ ಇದೆ. ಆದರೆ ಇಡುವ ಮೊದಲು ಒಂದು ಸಲ ನಿಮ್ಮಮ್ಮನಿಗೆ ಓದಿ ಹೇಳಿ. ಮನು ಓದಲಿ, ಅವನ ಗಂಟಲು ದೊಡ್ಡದು. ನಾನು ಆಗ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿರುತ್ತೇನೆ. ಓದಿ ಮುಗಿದ ಮೇಲೆ ಊಟಕ್ಕೆ ಕರೆಯಿರಿ, ಬರುತ್ತೇನೆ.